ಎರಡು ನೀರಿನ ಪಾಠ

ಮೇ 12, ಭಾನುವಾರ

ಇಷ್ಟು ವರ್ಷ ಹುಡುಗರಿಗೆ ವಿಷಯ ಕಲಿಸಿದೆ. ಇವತ್ತಿನಿಂದ ದೊಡ್ಡವರಿಗೆ ವಿಷ ಕಲಿಸುತ್ತೇನೆ. ನಿವೃತ್ತನಾದ ರಸಾಯನಶಾಸ್ತ್ರದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಬಡ್ತಿ ಯಾವುದಿದೆ ಎಂದು ಹೆಂಡತಿ ಇನಾಯಾತಳನ್ನು ಕೇಳಿದೆ. ಅವಳು ನನ್ನ ಅಂಗಿಯನ್ನು ಎರಡೇ ಬೆರಳಲ್ಲಿ ಹಿಡಿದು ಬಾಲ್ಕನಿಗೆ ಒಯ್ದಳು. ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಅರ್ಧ ದಿನ ನಿಂತು ಬಂದವನನ್ನು ಅಂಗಿಯ ಸಮೇತ ಹೊರಗೆ ಒಣಹಾಕುವುದೇ ವಾಸಿ.

ಕಾರ್ಖಾನೆ ಇರುವುದು ಕೈರೋದಿಂದಾಚೆ, ಮರಳುಗಾಡಿನಲ್ಲಿ. ಹದಗಾರರನ್ನೆಲ್ಲ ನಗರದೊಳಗಿನ ಹಳೆಯ ಮೇಲ್ಗಾಲುವೆಯ ಗೋಡೆಯ ಪಕ್ಕದಿಂದ ಎಬ್ಬಿಸಿ ಇಲ್ಲಿ ಸಾಲಾಗಿ ಕೂರಿಸಿದ್ದಾರೆ. ನನ್ನನ್ನು ಕರೆಸಿದವನು ಮ್ಯಾನೇಜರ್ ಶಾಹೀನ್. ಇಂಜಿನಿಯರ್, ಅದಕ್ಕಿಂತ ಹೆಚ್ಚಾಗಿ ಮಾಲೀಕನ ಅಳಿಯ. ಕರೆಸುವಂತೆ ಮಾಡಿದವನು ಬಖೀತ್. ಬಖೀತ್ ಎಂದರೆ ಅದೃಷ್ಟವಂತ. ಈ ತಿಂಗಳ ಮೊದಲ ಗುರುವಾರ ಕಾರ್ಖಾನೆಯ ಕೊಳಕುನೀರಿನ ಗುಂಡಿಯಲ್ಲಿ ಹೂಳೆತ್ತಲು ಇಳಿದವನು ಅಲ್ಲೇ ಕುಸಿದು ಸತ್ತ. ಅವನನ್ನು ಎತ್ತಲು ಹಿಂದೆಯೇ ಧುಮುಕಿದ ಇಬ್ಬರು ಆಸ್ಪತ್ರೆ ಸೇರಿ ಹೇಗೋ ಉಳಿದರು. ಮೊದಲು ತರಬೇತಿ, ಆಮೇಲೆ ಗುಂಡಿ ಎಂದು ಸರ್ಕಾರದವರು ಹೇಳಿ ಹೋಗಿದ್ದಾರೆ. ಹೀಗಾಗಿ ನಾನು.

ಉಪ್ಪಿನ ಚೀಲಗಳ ಕೋಣೆಯೇ ತರಗತಿ. ಒಂದು ಬದಿಗೆ ಹಸಿಚರ್ಮ ಹೊರುವ, ಗುಂಡಿಯ ಹೂಳು ತೆಗೆಯುವ ದಕ್ಷಿಣದವರು. ಸುಹಾಜ್ ಕಡೆಯ ಒಂದೇ ಹಳ್ಳಿಯವರು, ಎಲ್ಲ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಅವರ ಮೇಸ್ತ್ರಿ ಖಲಫ್, ಸತ್ತ ಬಖೀತನ ಒಡಹುಟ್ಟಿದ ಅಣ್ಣ. ಅವನ ಪಕ್ಕದಲ್ಲಿ ದಾಹಿ. ಬಖೀತನಿಗಾಗಿ ಗುಂಡಿಗೆ ಧುಮುಕಿ ಬದುಕಿದವರಲ್ಲಿ ಒಬ್ಬ, ಇನ್ನೂ ಕೆಮ್ಮುತ್ತಾನೆ. ಇನ್ನೊಂದು ಬದಿಗೆ ದೊಡ್ಡ ಮರದ ಪೀಪಾಯಿಗಳನ್ನು ನೋಡಿಕೊಳ್ಳುವ ಕೈರೋದವರು. ಅವರ ಹಿರಿಯ ಬಯ್ಯೂಮಿ, ಕಸುಬಿನ ಗುರುವೆಂದು ಎಲ್ಲರಿಗೂ ಉಸ್ತಾ, ತಾತನ ಕಾಲದಿಂದ ಹದಗಾರ. ನಾನು ಕಾಲಿಟ್ಟ ಕೂಡಲೇ ಅವನು, ಮೇಷ್ಟ್ರ ಚರ್ಮ ತೆಳ್ಳಗಿದೆ, ಎರಡು ದಿನ ಉಪ್ಪಲ್ಲಿ ಇಡಿ ಎಂದ. ನಿಮ್ಮ ಹದಕ್ಕೆ ಬರಲೆಂದೇ ಬಂದಿದ್ದೇನೆ ಎಂದೆ. ಕೈರೋದ ಬದಿ ನಕ್ಕಿತು.

ಹೊಸ ಮಾಸ್ಕುಗಳನ್ನು ತೋರಿಸಿದೆ. ಇಡೀ ಮುಖ ಮುಚ್ಚುವಂಥವು. ಹಿಂದುಗಡೆ ಉದ್ದನೆಯ ಗಾಳಿಕೊಳವೆ. ಅದರ ಇನ್ನೊಂದು ತುದಿಯನ್ನು ಗುಂಡಿಯಿಂದ ದೂರ, ಒಳ್ಳೆಯ ಗಾಳಿಯಲ್ಲಿ ಇಡಬೇಕು. ಕೊಳವೆಯ ಬಾಯಿ ಮುಚ್ಚಿ ಉಸಿರೆಳೆದಾಗ ಮಾಸ್ಕು ಮುಖಕ್ಕೆ ಕಚ್ಚಿಕೊಂಡರೆ ಪಾಸು. ಬಯ್ಯೂಮಿಯ ನುಣ್ಣನೆಯ ಗಲ್ಲಕ್ಕೆ ಅದು ಹೊಸ ಮದುವಣಗಿತ್ತಿಯ ಹಾಗೆ ಅಂಟಿಕೊಂಡಿತು. ಖಲಫ್‌ನ ಗಡ್ಡ ಅಡ್ಡ ಬಂದು ಬುಸ್ ಎಂದಿತು. ದಕ್ಷಿಣದವರೆಲ್ಲರದೂ ಅಷ್ಟೇ: ಗಡ್ಡ, ಬುಸ್, ಗಡ್ಡ, ಬುಸ್. ಇಡೀ ಸಾಲೇ ನಾಪಾಸು. ನಾಳೆ ಎಲ್ಲರೂ ಬೋಳಿಸಿಕೊಂಡು ಬನ್ನಿ ಎಂದೆ.

ಖಲಫ್ ಮಾಸ್ಕನ್ನು ಒರೆಸಿ, ಮಡಿಲಲ್ಲಿಟ್ಟುಕೊಂಡು ಹೇಳಿದ: "ತಮ್ಮ ತೀರಿಕೊಂಡಾನ್ರಿ, ಮಾಸ್ತರ. ನಲವತ್ತನೇ ದಿನದ ತನಕ ನಾವು ಮಾರಿಗೆ ಬ್ಲೇಡು ಹಚ್ಚೂದಿಲ್ಲ."

ಸಾವಿನ ಮನೆಯವರ ಹತ್ತಿರ ತಮಾಷೆ ಮಾಡಿದ್ದಕ್ಕೆ ನಾಚಿಕೆಯಾಯಿತು. ಆದರೆ ಗಡ್ಡ ದುಃಖದ್ದು ಎಂದು ವಿಷಗಾಳಿ ಹೊರಗೆ ನಿಲ್ಲುವುದಿಲ್ಲವಲ್ಲ.

ಮೇ 15, ಬುಧವಾರ

ಶಾಹೀನ್ ಜೊತೆ ಮಾತಾಡಿದೆ. ನಲವತ್ತು ಕಳೆಯುವ ತನಕ ಬರೀ ಬಾಯಿಪಾಠ. ಬೋಳಿಸಿದ ಮೇಲೆ ಮಾಸ್ಕಿನ ಪಾಠ, ಆಮೇಲೆ ಗುಂಡಿ. ಹಬ್ಬದೊಳಗೆ ಗುಂಡಿ ಶುದ್ಧವಾಗಲೇಬೇಕು, ಬಲಿಹಬ್ಬದ ಮೇಲೆ ದೇಶದ ಚರ್ಮವೆಲ್ಲ ನಮ್ಮ ಬಾಗಿಲಿಗೆ ಬಂದು ಬೀಳುತ್ತದೆ ಎಂದ. ಗಡ್ಡ ನಿಮ್ಮ ಜವಾಬ್ದಾರಿ ಎಂದೂ ಸೇರಿಸಿದ. ಕ್ಷೌರಿಕನ ಕೆಲಸದಲ್ಲೂ ಒಂದು ಕೈ ನೋಡುತ್ತೇನೆ ಎಂದೆ. ಅವನಿಗೆ ನಗು ಬರುವುದಿಲ್ಲ, ಬಂದರೂ ಮಾವನ ಅಪ್ಪಣೆ ಬೇಕೇನೋ.

ದಕ್ಷಿಣದವರು ಸಾವನ್ನು ಒಪ್ಪಿಕೊಂಡ ರೀತಿ ನೋಡಿದರೆ ಆಶ್ಚರ್ಯ. ಹಳ್ಳಿಯಲ್ಲಿ ಮೂರು ದಿನ ಸಂತಾಪಕ್ಕೆ ಕೂತರಂತೆ, ಬಂದವರ ಕೈ ಹಿಡಿದರಂತೆ, ದೇವರು ಬರೆದದ್ದು ಎಂದರಂತೆ. ಕೆಟ್ಟ ಗಾಳಿ, ಬಖೀತನ ದಿನ ಮುಗಿದಿತ್ತು, ಅಷ್ಟೇ. ಯಾವುದು ಆ ಗಾಳಿ, ಎಲ್ಲಿಂದ ಬಂತು ಎಂದು ಒಬ್ಬನೂ ಕೇಳಿಲ್ಲ. ಮೇಷ್ಟ್ರಾದವನಿಗೆ ಇದಕ್ಕಿಂತ ಒಳ್ಳೆಯ ಹಲಗೆ ಸಿಕ್ಕುವುದಿಲ್ಲ, ಏನೂ ಬರೆದಿಲ್ಲದ್ದು.

ಮೇ 26, ಭಾನುವಾರ

ಇವತ್ತಿನ ಪಾಠದ ಬಗ್ಗೆ ಕೊಚ್ಚಿಕೊಳ್ಳುವುದಕ್ಕೆ ಈ ಪುಟ ಬಿಟ್ಟರೆ ನನಗೆ ಯಾರಿದ್ದಾರೆ. ಇನಾಯಾತ್ ಮೂಗಿಗೆ ತಲೆವಸ್ತ್ರ ಹಿಡಿದು ಅರ್ಧ ಕೇಳಿ ಎದ್ದುಹೋದಳು.

ಎರಡು ಬಾಟಲಿ ತಂದಿದ್ದೆ. ಒಂದರಲ್ಲಿ ಚರ್ಮದ ಕೂದಲು ಉದುರಿಸುವ ಪೀಪಾಯಿಯ ನೀರು, ಸುಣ್ಣ ಸಲ್ಫೈಡು ಬೆರೆತದ್ದು. ಇನ್ನೊಂದರಲ್ಲಿ ಮುಂದಿನ ಹಂತದ ಆಮ್ಲದ ಪೀಪಾಯಿಯ ನೀರು. ಎಲ್ಲರನ್ನೂ ಅಂಗಳಕ್ಕೆ ಕರೆದು ಗಾಳಿ ಬರುವ ಕಡೆ ನಿಲ್ಲಿಸಿದೆ. ಬೆಳ್ಳಿಯದೇನಾದರೂ ಬೇಕು ಎಂದಾಗ ಬಯ್ಯೂಮಿ ತನ್ನ ಉಂಗುರ ಬಿಚ್ಚಿಕೊಟ್ಟ. ಇದಕ್ಕೆ ಏನಾದರೂ ಆದರೆ ನನ್ನ ಹೆಂಡತಿ ನಿಮ್ಮನ್ನೇ ನನ್ನ ಬೆರಳಿಗೆ ತೊಡಿಸುತ್ತಾಳೆ ಎಂದ. ಉಂಗುರವನ್ನು ದಾರದಲ್ಲಿ ಕಟ್ಟಿ ಗಾಜಿನ ಲೋಟದ ಬಾಯಿಗೆ ಇಳಿಬಿಟ್ಟು, ಒಂದನೇ ನೀರಿನ ಮೇಲೆ ಎರಡನೇ ನೀರು ಚೂರೇ ಚೂರು ಹನಿಸಿದೆ. ಎಲ್ಲರೂ ನೋಡುತ್ತಿದ್ದಂತೆಯೇ ಬೆಳ್ಳಿ ಹಳದಿಯಾಗಿ, ಕಂದಾಗಿ, ಕೆಟಲಿನ ತಳದ ಹಾಗೆ ಕರಿಯಾಯಿತು. ಇಷ್ಟು ಹನಿಗೆ ಇಷ್ಟಾದರೆ ಪೀಪಾಯಿಗಟ್ಟಲೆ ನೀರು ಸೇರಿದಾಗ ಹುಟ್ಟುವ ಗಾಳಿ ಎರಡು ಉಸಿರಿಗೆ ಆಳನ್ನು ಕೆಡವುತ್ತದೆ ಎಂದು ಹೇಳಿದೆ. ಕೆಮ್ಮುವ ದಾಹಿ ಕೂಡ ಕೆಮ್ಮು ನಿಲ್ಲಿಸಿ ನೋಡುತ್ತಿದ್ದ.

ಆಮೇಲೆ ಪ್ರಶ್ನೆ. ಈ ಎರಡು ನೀರು ನಮ್ಮಲ್ಲಿ ಎಲ್ಲೆಲ್ಲಿವೆ? ಬಯ್ಯೂಮಿಯ ಕೈ ಮೇಲೆ. ಮೊದಲ ದಿನದಿಂದಲೂ ಅವನೇ ಜಾಣ ವಿದ್ಯಾರ್ಥಿ.

"ಒಂದನೇದು ಗುಂಡೀಲಿ ಯಾವಾಗ್ಲೂ ನಿಂತಿರುತ್ತೆ, ಮೇಷ್ಟ್ರೇ. ಎರಡನೇದು ನನ್ನ ಪೀಪಾಯಿದು. ಗುರುವಾರ ಗುರುವಾರ ಮಧ್ಯಾಹ್ನದ ನಮಾಜಿಗೆ ಮುಂಚೆ ನಾನು ಬಿರಡೆ ತೆಗೀತೀನಿ, ನೀರೆಲ್ಲ ಅದೇ ಗುಂಡಿಗೆ ಹೋಗುತ್ತೆ. ಆ ಗುರುವಾರಾನೂ..."

ಕೈ ಇನ್ನೂ ಮೇಲೆಯೇ ಇತ್ತು.

"ಆ ಗುರುವಾರ ತಗದಿದ್ದೇನು, ಉಸ್ತಾ?" ಎಂದು ಖಲಫ್ ಕೇಳಿದ. ಜೋರಾಗಿ ಅಲ್ಲ, ಸಿಗರೇಟಿಗೆ ಬೆಂಕಿಪೊಟ್ಟಣ ಕೇಳುವ ಹಾಗೆ.

"ತೆಗೆದೆ," ಎಂದ ಬಯ್ಯೂಮಿ.

ಇಷ್ಟು ನೇರವಾದ ಉತ್ತರ ನನಗೆ ಶಾಲೆಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಪಾಠ ತಲೆಗೆ ಹೋಗಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು. ಇದರಿಂದ ಹೊರಡುವ ನಿಯಮವನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ದಕ್ಷಿಣದವರು ಒಟ್ಟಿಗೆ ತಿರುಗಿ ಚಹಾಕ್ಕೆ ಹೋದರು. ನಿಯಮ ನಾಳೆಗೆ.

ಮೇ 28, ಮಂಗಳವಾರ

ನಿಯಮ ಹೇಳಲಾಗಲಿಲ್ಲ. ನಿನ್ನೆ ದಕ್ಷಿಣದವರು ತರಗತಿಗೆ ಬರಲಿಲ್ಲ, ಚರ್ಮದ ಲಾರಿ ಬಂದಿದೆ ಎಂದರು. ಇವತ್ತು ಬಂದರು, ಗೋಡೆಗೆ ಒರಗಿ ಕೂತರು, ನನ್ನನ್ನು ನೋಡಲಿಲ್ಲ. ಶಾಹೀನ್ ನನ್ನನ್ನು ಕರೆದು, ಪಾಠ ಪುಸ್ತಕದಲ್ಲಿರುವಷ್ಟು ಸಾಕು, ನಮ್ಮ ಪೀಪಾಯಿಗಳ ಹೆಸರು ಯಾಕೆ ಎಂದ. ಉದಾಹರಣೆ ಮನೆಯದೇ ಇದ್ದರೆ ಮನಸ್ಸಿಗೆ ಹತ್ತುತ್ತದೆ ಎಂದೆ.

ಬಯ್ಯೂಮಿ ಇವತ್ತು ಒಂದೂ ಕೀಟಲೆ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ.

ಜೂನ್ 11, ಮಂಗಳವಾರ

ನಿನ್ನೆ ನಲವತ್ತನೇ ದಿನ. ದಕ್ಷಿಣದವರೆಲ್ಲ ಊರಿಗೆ ಹೋಗಿ, ಕುರಾನು ಓದಿಸಿ, ಬೋಳಿಸಿಕೊಂಡು ಬರುತ್ತಾರೆಂದು ನಾನು ಮಾಸ್ಕುಗಳನ್ನು ಸಾಬೂನಿನಲ್ಲಿ ತೊಳೆದಿಟ್ಟಿದ್ದೆ. ಅವರು ಊರಿಗೆ ಹೋಗಲೇ ಇಲ್ಲ. ಇವತ್ತು ಬೆಳಿಗ್ಗೆ ಅದೇ ಗಡ್ಡದಲ್ಲಿ ಕೆಲಸಕ್ಕೆ ಬಂದರು. ನಲವತ್ತು ಮಾಡಲಿಲ್ಲವೇ ಎಂದು ಕೇಳಿದರೆ ಖಲಫ್, ಮುಂದಕ್ಕೆ ಹಾಕೇವ್ರಿ ಎಂದ. ಯಾವಾಗ ಎಂದರೆ, ದೇವರು ದಾರಿ ಮಾಡಿಕೊಟ್ಟಾಗ ಎಂದ.

ಮನೆಯಲ್ಲಿ ಊಟ ಮಾಡುತ್ತ ಇದನ್ನು ತಮಾಷೆಯಾಗಿಯೇ ಹೇಳಿದೆ: ಸಾವಿಗೂ ತಾರೀಕು ಮುಂದೂಡುವ ಜನ. ಇನಾಯಾತಳ ತಾಯಿಯ ಮನೆ ಸುಹಾಜ್ ಕಡೆಯದು. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ರೀ, ಸಂತಾಪಕ್ಕೆ ಕೂತವರು ನಲವತ್ತು ಮಾಡದೆ ಗಡ್ಡ ಉಳಿಸ್ಕೊಂಡ್ರೆ ಅದು ದುಃಖ ಅಲ್ಲ. ಕೊಲೆ ಅಂತ ಗೊತ್ತಾಗಿದೆ, ಕೊಂದವನು ಇನ್ನೂ ಓಡಾಡ್ತಿದಾನೆ ಅಂತ. ಸೇಡು ತೀರಿಸಿದ ಮೇಲೇನೇ ಅವರು ಗಡ್ಡ ತೆಗೆಯೋದು, ನಲವತ್ತು ಮಾಡೋದು."

ಕೊಲೆ ಎಲ್ಲಿಂದ ಬಂತು, ಯಾರೂ ಕೊಂದಿಲ್ಲ, ಅದು ಅಪಘಾತ ಎಂದೆ.

"ಅಪಘಾತ ಅಂತಾನೇ ಅಂದುಕೊಂಡಿದ್ರು. ಒಂದು ಕೈ ಬಿರಡೆ ತೆಗೀತು ಅಂತ ಹೇಳಿಕೊಟ್ಟವರು ಯಾರು?"

ಅನ್ನ ತಣ್ಣಗಾಗಿತ್ತು.

ಜೂನ್ 12, ಬುಧವಾರ

ಬಯ್ಯೂಮಿಯೊಂದಿಗೆ ಗೇಟಿನಾಚೆ ಚಹಾದಂಗಡಿಯಲ್ಲಿ ಕೂತೆ. ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಪಾಠವಾದ ದಿನದಿಂದ ಅವನು ಮನೆಗೆ ದಿನಕ್ಕೊಂದು ದಾರಿಯಲ್ಲಿ ಹೋಗುತ್ತಿದ್ದಾನೆ. ಹೆಣಕ್ಕೆ ಹೊದಿಸುವ ಕಫನ್ ಬಟ್ಟೆ ಕೊಂಡು ಇಟ್ಟಿದ್ದಾನೆ. ದಕ್ಷಿಣದವರ ಪದ್ಧತಿಯಂತೆ ಅದನ್ನು ಎರಡೂ ಕೈಯಲ್ಲಿ ಹೊತ್ತು, ಬರಿಗಾಲಲ್ಲಿ ಖಲಫ್‌ನ ಮನೆಬಾಗಿಲಿಗೆ ಹೋಗಿ ನಿಂತರೆ, ಅವರು ಕ್ಷಮಿಸಿದರೆ ಮುಗಿಯಿತು. ಆದರೆ ಕಫನ್ ಹೊತ್ತವನು ಕೊಂದೆ ಎಂದು ಒಪ್ಪಿದ ಹಾಗೆ.

"ಕೊಂದೆನಾ, ಮೇಷ್ಟ್ರೇ? ನೀವು ಓದಿದೋರು, ನೀವೇ ಹೇಳಿ. ಆವತ್ತು ನಾನು ಇಂಜಿನಿಯರ್ ಸಾಹೇಬ್ರನ್ನ ಕೇಳಿದೆ, ಗುಂಡೀಲಿ ಹುಡುಗರಿದಾರೆ, ಬಿರಡೆ ಈಗ್ಲೇ ತೆಗೀಲಾ ಅಂತ. ಅವರ ಮೈಮೇಲೆ ನೀರು ಬೀಳುತ್ತಲ್ಲಾ, ಅದಕ್ಕೆ ಕೇಳಿದ್ದು. ತೆಗಿ, ಲಾರಿ ಕಾಯ್ತಿದೆ ಅಂದ್ರು."

ನೀನು ಕೊಂದಿಲ್ಲ, ನಿನಗೆ ಗೊತ್ತಿರಲಿಲ್ಲ ಎಂದೆ. ಗೊತ್ತಿದ್ದವನು ಯಾರೆಂದು ಇಬ್ಬರಿಗೂ ಹೊಳೆದಿತ್ತು. ಗಾಜಿನ ಲೋಟದ ತಳದ ಸಕ್ಕರೆಯನ್ನು ಕಲಕುತ್ತ ಕೂತೆವು.

ನೇರವಾಗಿ ಶಾಹೀನ್ ಕೋಣೆಗೆ ಹೋದೆ. ನೀವು ಖಲಫ್‌ನ ಮುಂದೆ ಒಂದೇ ಮಾತು ಹೇಳಿ, ತೆಗೆಯಲು ಹೇಳಿದವನು ನಾನು ಎಂದು. ಬಯ್ಯೂಮಿ ಉಳಿಯುತ್ತಾನೆ ಎಂದೆ. ಅವನು ಎದ್ದು ಬಾಗಿಲು ಹಾಕಿ ಬಂದ. ಆಗ ನಾನು ಉಳಿಯುವುದಿಲ್ಲವಲ್ಲ ಎಂದ. ಅದೂ ನಿಜವೇ. ಅವನಿಗೆ ಎರಡು ಪುಟ್ಟ ಹೆಣ್ಣುಮಕ್ಕಳು, ಮೇಜಿನ ಮೇಲೆ ಫೋಟೋ ಇದೆ.

ಆಮೇಲೆ ಅವನೇ ದಾರಿ ಹೇಳಿದ. ಹೂಳು ಕೊಳೆತಾಗ ಅದೇ ಗಾಳಿ ತಾನಾಗಿಯೂ ಏಳುವುದಿಲ್ಲವೇ? ಏಳುತ್ತದೆ, ಪುಸ್ತಕದಲ್ಲೇ ಇದೆ ಎಂದೆ. ಹಾಗಿದ್ದರೆ ಅದನ್ನೇ ಹೇಳಿ. ಬಯ್ಯೂಮಿಯೂ ಬೇಡ, ನಾನೂ ಬೇಡ, ಹೂಳು, ದೇವರು. ನೀವು ಕೊಟ್ಟ ಕೊಲೆಗಾರನನ್ನು ನೀವೇ ವಾಪಸು ತೆಗೆದುಕೊಳ್ಳಬೇಕು ಎಂದ. ಬೀದಿಯ ಇನ್ನುಳಿದ ಕಾರ್ಖಾನೆಗಳ ತರಬೇತಿಗೂ ನಿಮ್ಮ ಹೆಸರನ್ನೇ ಕೊಟ್ಟಿದ್ದೇನೆ ಎಂದೂ ಹೇಳಿದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಯ್ಯೂಮಿಯ ಜೀವದ ಪ್ರಶ್ನೆ. ಮೇಷ್ಟ್ರು ಪಾಠ ತಿದ್ದುವುದು ಹೊಸದೇನಲ್ಲ.

ಜೂನ್ 13, ಗುರುವಾರ

ಪಾಠ ತಿದ್ದಿದೆ.

ಎಲ್ಲರೂ ಇದ್ದರು. ಆವತ್ತಿನ ಪ್ರಯೋಗ ಗಾಜಿನ ಲೋಟದ್ದು, ಗುಂಡಿಯ ಕತೆಯೇ ಬೇರೆ ಎಂದು ಶುರುಮಾಡಿದೆ. ಗುಂಡಿಯ ಹೂಳು ಕೊಳೆಯುತ್ತದೆ, ಕೊಳೆತಾಗ ಗಾಳಿ ಕೂಡಿಕೊಳ್ಳುತ್ತದೆ, ಸನಿಕೆ ತಗುಲಿದಾಗ ಎದ್ದುಬರುತ್ತದೆ. ಬಖೀತನ ಸನಿಕೆಗೆ ಎದ್ದದ್ದು ಅದೇ. ಇಷ್ಟರ ತನಕ ನಾನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಖಲಫ್ ಎದ್ದು ನಿಂತ. "ಹಂಗಾದ್ರ ಪೀಪಾಯಿ ನೀರಿಗೂ ಆ ಗಾಳಿಗೂ ಸಂಬಂಧ ಇಲ್ಲ ಅಂತೀರೇನ್ರಿ, ಮಾಸ್ತರ?"

"ಇಲ್ಲ," ಎಂದೆ.

"ಗುಂಡಿಯಾಗ ಮಂದಿ ಇದ್ದಾಗ ಬಿಟ್ರೂ?"

ಬಾಗಿಲಲ್ಲಿ ಶಾಹೀನ್ ನಿಂತಿದ್ದ. ಬಯ್ಯೂಮಿ ಬಾಯಿ ಅರೆತೆರೆದು ನನ್ನನ್ನೇ ನೋಡುತ್ತಿದ್ದ, ಪರೀಕ್ಷೆಯ ಫಲಿತಾಂಶ ಓದುವಾಗ ಹುಡುಗರು ನೋಡುತ್ತಾರಲ್ಲ ಹಾಗೆ.

"ಬಿಟ್ಟರೂ ಅಷ್ಟೇ," ಎಂದೆ.

ಖಲಫ್ ಕೂತು ಪಕ್ಕದವನ ಕಡೆ ತಿರುಗಿ, ಕೇಳಿದಿ ಏನು ದಾಹಿ ಎಂದ. ದಾಹಿ ಕೇಳಿದೆ ಎಂದ. ಅವರ ಮುಖ ಸಡಿಲವಾಯಿತೋ ಇಲ್ಲವೋ ಗಡ್ಡದ ಹಿಂದೆ ನನಗೆ ಕಾಣಲಿಲ್ಲ.

ತರಗತಿ ಮುಗಿದ ಮೇಲೆ ಬಯ್ಯೂಮಿ ನನ್ನ ಹೆಗಲಿಗೆ ಮುತ್ತಿಟ್ಟು ಅತ್ತುಬಿಟ್ಟ. ಅವನ ಕಿವಿಗೆ ಸತ್ಯ ಹೇಳಬೇಕಿತ್ತೇನೋ. ಸಮಾಧಾನವಾಗಿರುವ ಮನುಷ್ಯನ ಸಮಾಧಾನ ಕೆಡಿಸುವುದು ಹೇಗೆ. ಹಬ್ಬ ಮುಗಿಯಲಿ ಎಂದುಕೊಂಡೆ. ನನ್ನ ಮನಸ್ಸೂ ಹಗುರವಾಗಿದೆ. ಒಂದು ಜೀವ ಉಳಿಯಿತು.

ಜೂನ್ 16, ಭಾನುವಾರ

ಹಬ್ಬ. ಬಯ್ಯೂಮಿ ಮಗಳ ಕೈಯಲ್ಲಿ ಕುರಿಯ ಯಕೃತ್ತು ಕಳಿಸಿದ್ದ, ಜೊತೆಗೊಂದು ಮಾತು: ಮೇಷ್ಟ್ರ ಚರ್ಮ ಈಗ ಹದಕ್ಕೆ ಬಂದಿದೆ. ಇನಾಯಾತ್ ಬೆಳ್ಳುಳ್ಳಿ ಹಾಕಿ ಹುರಿದಳು, ತಾನು ತಿನ್ನಲಿಲ್ಲ. ಗಡ್ಡ ತೆಗೆದರೇ ಎಂದಷ್ಟೇ ಕೇಳಿದಳು. ಹಬ್ಬಕ್ಕೆ ತೆಗೆದೇ ತೆಗೆಯುತ್ತಾರೆ ಎಂದೆ.

ಜೂನ್ 20, ಗುರುವಾರ

ತೆಗೆದಿಲ್ಲ.

ಚರ್ಮ ಬಂದು ಅಂಗಳ ತುಂಬಿ ರಸ್ತೆಯ ತನಕ ಬಿದ್ದಿದೆ. ಗುಂಡಿ ಉಕ್ಕಿ ನೀರು ಪೀಪಾಯಿಗಳ ಕಾಲಿಗೆ ಬಂದಿದೆ. ಇನ್ನೊಂದು ದಿನವೂ ಕಾಯುವುದಿಲ್ಲ ಎಂದು ಶಾಹೀನ್ ಕೂಗಾಡಿದ. ದಕ್ಷಿಣದವರನ್ನು ಗಡ್ಡದಲ್ಲೇ ಇಳಿಸಿ ಎಂದ. ಆಗುವುದಿಲ್ಲ ಎಂದೆ. ಅಷ್ಟು ಗಟ್ಟಿಯಾಗಿ ಎಷ್ಟೋ ದಿನದಿಂದ ಮಾತಾಡಿರಲಿಲ್ಲ: ಗಡ್ಡ ಇರುವ ಒಬ್ಬನೂ ಆ ಮಾಸ್ಕಿನಲ್ಲಿ ಇಳಿಯಕೂಡದು, ಬದಿಯಿಂದ ಗಾಳಿ ನುಗ್ಗುತ್ತದೆ. ಕೈರೋದವರಲ್ಲಿ ಬೋಳುಮುಖದವರು ಇದ್ದಾರೆ, ಆದರೆ ಗುಂಡಿಯ ಹೆಸರೆತ್ತಿದ ಕೂಡಲೇ ಎಲ್ಲರಿಗೂ ಸೊಂಟನೋವು.

ಬಯ್ಯೂಮಿ ಮುಂದೆ ಬಂದ. "ನಾನು ಇಳೀತೀನಿ. ಅವರ ಮನೇಲಿ ಒಬ್ಬ ಹೋಗಿದಾನೆ, ಈ ಸಲ ನಮ್ಮ ಕಡೆಯಿಂದ ಆಗ್ಲಿ." ಖಲಫ್‌ನ ಕಡೆ ನೋಡಿಕೊಂಡು ಹೇಳಿದ. ಖಲಫ್ ತಲೆ ಬಾಗಿಸಿದ, ಹಗ್ಗ ನಾ ಹಿಡೀತೇನಿ ಎಂದ. ಹಗ್ಗದ ಸನ್ನೆಗಳು ಅವನನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಬರುವುದಿಲ್ಲ. ಬಯ್ಯೂಮಿ ಒಳಗಿದ್ದಾಗ ಅವನ ಪೀಪಾಯಿ ಯಾರು ನೋಡುತ್ತಾರೆ ಎಂದು ನಾನು ಕೇಳಿದ್ದಕ್ಕೆ ಖಲಫ್, ದಾಹಿ ನೋಡ್ಕೊಂತಾನ ಎಂದ.

ಪೀಪಾಯಿಯ ಮಾತನ್ನು ಆಗಲೇ ಎತ್ತಬೇಕೆಂದಿದ್ದೆ. ಬಿರಡೆಗೆ ಬೀಗ ಹಾಕಿ ಎಂದರೆ, ಯಾಕೆ ಎಂದು ಕೇಳುತ್ತಾರೆ. ಹೋದ ಗುರುವಾರದ ಪಾಠ ಅಲ್ಲೇ ಬಿದ್ದುಹೋಗುತ್ತದೆ, ಬಯ್ಯೂಮಿ ಮತ್ತೆ ಕೊಲೆಗಾರನಾಗುತ್ತಾನೆ. ಮೇಲಿನ ನೀರನ್ನು ಪಂಪಿನಿಂದ ತೆಗೆದು ಗುಂಡಿಗೆ ಇಳಿಯುವುದು ಶನಿವಾರ. ಪೀಪಾಯಿ ಖಾಲಿ ಮಾಡುವುದು ಗುರುವಾರ ಮಾತ್ರ. ಶನಿವಾರ ಬಿರಡೆ ಮುಟ್ಟಿಸಬೇಡಿ ಎಂದು ಶಾಹೀನ್‌ಗೆ ಹೇಳಿದೆ, ಅವನು ನೋಡಿಕೊಳ್ಳುತ್ತೇನೆ ಎಂದಿದ್ದಾನೆ.

ಜೂನ್ 22, ಶನಿವಾರ

ಬಯ್ಯೂಮಿ ಹೋದ.

ಮಾಸ್ಕನ್ನು ನಾನೇ ಕಟ್ಟಿದ್ದೆ. ಕೊಳವೆ ಮುಚ್ಚಿ ಉಸಿರೆಳೆಸಿದೆ, ಚೆನ್ನಾಗಿ ಕಚ್ಚಿಕೊಂಡಿತು. ಕೊಳವೆಯ ತುದಿಯನ್ನು ಗಾಳಿ ಬರುವ ಕಡೆ ಕಲ್ಲಿಗೆ ಕಟ್ಟಿಸಿದೆ. ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದೆ. ಅವನು ಇಳಿಯುತ್ತ ಹೆಬ್ಬೆರಳು ತೋರಿಸಿದ. ಅಷ್ಟರಲ್ಲಿ ಶಾಹೀನ್ ಏನೋ ಕೇಳಬೇಕೆಂದು ಕೋಣೆಗೆ ಕರೆದ. ಚಹಾ ಬಂತು.

ನೀರಿನ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತಿದ್ದದ್ದೇ, ಪೀಪಾಯಿ ಖಾಲಿಯಾಗುವ ಸದ್ದು.

ಓಡಿದೆ. ನೀರಿನ ಹೊಡೆತಕ್ಕೆ ಅವನು ಬಿದ್ದಿದ್ದ, ಮಾಸ್ಕು ಕಳಚಿತ್ತು. ಖಲಫ್ ಹಗ್ಗ ಎಳೆಯುತ್ತಿದ್ದ. ನಾನು ನೋಡಿದಾಗ ಎಳೆಯುತ್ತಿದ್ದ. ಯಾರೂ ಇಳಿಯಬೇಡಿ ಎಂದು ನಾನು ಕೂಗಿದೆ. ಬಿದ್ದವನ ಹಿಂದೆ ಧುಮುಕಿದವನೂ ಸಾಯುತ್ತಾನೆ, ಅದು ನಿಯಮ, ತಿಂಗಳಿಂದ ಅದನ್ನೇ ಹೇಳಿಕೊಟ್ಟಿದ್ದೆ. ಯಾರೂ ಇಳಿಯಲಿಲ್ಲ. ಗುಂಡಿಯ ಸುತ್ತ ಎಲ್ಲರೂ ನಾನು ಗೆರೆ ಎಳೆದ ಜಾಗದಲ್ಲೇ, ಕೈ ಕಟ್ಟಿ ನಿಂತಿದ್ದರು. ನನ್ನ ಪಾಠವನ್ನು ಯಾರೂ ಯಾವತ್ತೂ ಅಷ್ಟು ಚೆನ್ನಾಗಿ ಪಾಲಿಸಿರಲಿಲ್ಲ.

ಜೂನ್ 25, ಮಂಗಳವಾರ

ತನಿಖೆಯ ಅಧಿಕಾರಿ ಬಂದಿದ್ದ. ಚಿಕ್ಕ ವಯಸ್ಸು, ಅಂಗಳದ ವಾಸನೆಗೆ ಕರವಸ್ತ್ರ ಹಿಡಿದಿದ್ದ. ದಾಹಿಯನ್ನು, ಶನಿವಾರ ಯಾಕೆ ಬಿರಡೆ ತೆಗೆದೆ ಎಂದು ಕೇಳಿದ.

"ಹೊಸಾ ಚರ್ಮ ಬಂದು ಬಿದ್ದಿತ್ರಿ, ಪೀಪಾಯಿ ಖಾಲಿ ಬೇಕಾಗಿತ್ತು. ಆ ನೀರಿಗೂ ಗಾಳಿಗೂ ಸಂಬಂಧ ಇಲ್ಲ, ಗುಂಡಿಯಾಗ ಮಂದಿ ಇದ್ರೂ ಬಿಡಬಹುದು ಅಂತ ಮಾಸ್ತರ ಕಲಿಸ್ಯಾರ್ರಿ. ಎಲ್ಲಾರೂ ಕೇಳ್ಯಾರ."

ಕೆಮ್ಮದೆ ಹೇಳಿದ. ಕೈರೋದವರೂ ತಲೆಯಾಡಿಸಿದರು, ಕೇಳಿದ್ದು ನಿಜವೇ ತಾನೆ. ಅಧಿಕಾರಿ ನನ್ನ ಕಡೆ ತಿರುಗಿ, ಹೀಗೆ ಕಲಿಸಿದ್ದೀರಾ ಎಂದ. ಖಲಫ್ ಎದುರಿಗೇ ನಿಂತಿದ್ದ. ಭಾನುವಾರವೇ ಅವರು ನಲವತ್ತು ಮಾಡಿದ್ದರು. ಎಲ್ಲರ ಮುಖಗಳೂ ನುಣ್ಣಗೆ, ಗಲ್ಲಗಳು ಬಿಸಿಲು ಕಾಣದೆ ಬೆಳ್ಳಗೆ. ಖಲಫ್ ಇಷ್ಟು ಚಿಕ್ಕವನೆಂದು ನನಗೆ ಗೊತ್ತಿರಲಿಲ್ಲ. ಅವನು ನನ್ನನ್ನು ಹೆದರಿಸುವ ಹಾಗೇನೂ ನೋಡಲಿಲ್ಲ. ಕಾಯುತ್ತಿದ್ದ, ಅಷ್ಟೇ. ಶಾಹೀನ್ ಗೋಡೆ ನೋಡುತ್ತಿದ್ದ.

ಹೌದು, ಹಾಗೆ ಕಲಿಸಿದ್ದೇನೆ ಎಂದೆ. ಹೂಳಿನಿಂದ ಗಾಳಿ ತಾನಾಗಿ ಏಳುತ್ತದೆ, ಪುಸ್ತಕದಲ್ಲಿದೆ ಎಂದೂ ಹೇಳಿದೆ. ಅಧಿಕಾರಿ ಪುಸ್ತಕದ ಹೆಸರು ಕೇಳಿದ, ಹೇಳಿದೆ. ಮೊದಲ ಸಲದಷ್ಟು ಕಷ್ಟವಾಗಲಿಲ್ಲ.

ಬಯ್ಯೂಮಿಯ ಮನೆಗೆ ಹೋಗಿ ಬಂದೆ. ಅವನ ಹೆಂಡತಿ ಬಾಗಿಲ ತನಕ ಬಂದಳು. "ಅವರಿಗೆ ಎಷ್ಟು ದಿನದಿಂದ ನಿದ್ದೇನೇ ಇರ್ಲಿಲ್ಲ, ಮೇಷ್ಟ್ರೇ. ನೀವು ಆ ಪಾಠ ಮಾಡಿದ ದಿನದಿಂದ ಮಗು ಹಾಗೆ ಮಲಗ್ತಿದ್ರು. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ." ಅವಳು ಕೊಟ್ಟ ಕಹಿ ಕಾಫಿ ಕುಡಿದೆ. ಇನಾಯಾತಳಿಗೆ ಇದನ್ನೆಲ್ಲ ಹೇಳಿಲ್ಲ. ಅವಳೂ ಕೇಳಿಲ್ಲ, ಈಗ ನನ್ನ ಅಂಗಿಯನ್ನೂ ಬಾಲ್ಕನಿಗೆ ಒಯ್ಯುವುದಿಲ್ಲ, ನಾನೇ ಒಯ್ಯುತ್ತೇನೆ.

ಜುಲೈ 2, ಮಂಗಳವಾರ

ಕೆಲಸ ಮತ್ತೆ ಶುರುವಾಗಿದೆ. ಬೀದಿಯ ಎಲ್ಲ ಕಾರ್ಖಾನೆಗಳಿಗೂ ಇನ್ನು ನಾನೇ. ಇವತ್ತು ಮಾಸ್ಕಿನ ಪರೀಕ್ಷೆ ಮಾಡಿದೆ, ದಕ್ಷಿಣದವರೆಲ್ಲರೂ ಪಾಸು.

ಬಯ್ಯೂಮಿಯ ಜಾಗಕ್ಕೆ ಬಂದವನು ಉಸ್ತಾ ಸಬ್ರಿ, ಮಕ್ಕಳೊಂದಿಗ, ಸಂಕೋಚದ ಮನುಷ್ಯ. ತರಗತಿಯ ಕೊನೆಗೆ ಕೈ ಎತ್ತಿದ. ಆಮ್ಲದ ಪೀಪಾಯಿ ನನ್ನ ಕೈಗೆ ಬಂದಿದೆ, ಹಿಂದಿನವರಿಗೆ ಏನಾಯಿತೆಂದು ಕೇಳಿದ್ದೇನೆ. ಬಿರಡೆ ಯಾವಾಗ ತೆಗೆಯಬಹುದು, ಯಾವಾಗ ತೆಗೆಯಬಾರದು, ಅದೊಂದು ಸರಿಯಾಗಿ ಹೇಳಿಬಿಡಿ ಎಂದ.

ನಾನು ಹಲಗೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅಧಿಕಾರಿಯ ಮುಂದೆ ಹೇಳಿದ್ದು ಒಂದಿದೆ, ಮುಂದಿನ ಸಾಲಲ್ಲಿ ದಾಹಿ ಕೂತಿದ್ದಾನೆ. ಏನು ಹೇಳಲಿ ಎಂದು ನೋಡುತ್ತಿರುವಾಗ ಖಲಫ್ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ ಸಬ್ರಿಯ ಮೊಣಕಾಲಿನ ಮೇಲೆ ಕೈಯಿಟ್ಟ.

"ಗುಂಡಿಯಾಗ ಯಾರಾದ್ರೂ ಇದ್ದಾಗ ಮುಟ್ಟಬ್ಯಾಡೋ, ಅಣ್ಣಾ. ಎರಡು ನೀರು ಕೂಡಿದ್ರ ಮನಷ್ಯಾ ಉಳಿಯೂದಿಲ್ಲ."

ಸಬ್ರಿ, ಹೌದೇ ಎನ್ನುವ ಹಾಗೆ ನನ್ನನ್ನು ನೋಡಿದ. ಉಳಿದವರೂ ನೋಡಿದರು.

ಸರಿಯಾಗಿದೆ ಎಂದೆ. ಆಮೇಲೆ ಕೈಗವಸಿನ ಪಾಠ ಮಾಡಿದೆ.